ಕಿಲ್‌ಮಾಗ್ ಏರು

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು, ನಿಜ.
ಇದು ದಾನವಲ್ಲ, ಟ್ರೆವರ್ ಬಿಸೆಟ್.
ಒಂಬತ್ತು ಸಾವಿರದ ಆರುನೂರು ಡಾಲರು.
ಎಣಿಸುತ್ತೇನೆ.

ಹುಟ್ಟಿದಾಗ ಹನ್ನೆರಡು ಗೆರೆ ಇದ್ದವು
ಈ ಮೀಟರಿನ ಅಂಚಿನಲ್ಲಿ. ಈಗ ಹತ್ತು.
ಇನ್ನೆರಡು ಎಲ್ಲಿ ಎಂದರೆ
ನೀನು ಶೆಡ್ಡಿನ ಕಡೆ ನೋಡಿದೆ,
ಅಲ್ಲೇ ಎಲ್ಲೋ ಬಿದ್ದಿರಬೇಕು ಎಂಬಂತೆ.

ಗುಂಡಿ ಒತ್ತಿದೆ. ಎಂಜಿನ್ನಿನ ಸದ್ದಿಲ್ಲ.
ಬದಲಿಗೆ ಒಬ್ಬ ಹೆಂಗಸು
ಜಪಾನಿಯಲ್ಲಿ ಏನೋ ಹೇಳಿದಳು,
ತುಂಬ ಮರ್ಯಾದೆಯಿಂದ, ತುಸು ನೊಂದುಕೊಂಡು.
"ಏನಂತಾಳೆ?"
"ನಾಲ್ಕು ವರ್ಷದಿಂದ ಅದನ್ನೇ ಹೇಳ್ತಾಳೆ," ಅಂದೆ ನೀನು,
"ನಾನೂ ನಾಲ್ಕು ವರ್ಷದಿಂದ ಆಯ್ತಮ್ಮ ಅಂತೀನಿ."

ನಾನು ಸೂಲಗಿತ್ತಿ. ಒಳಗಿರುವುದನ್ನು
ಹೊರಗಿನಿಂದ ಕೇಳಿಸಿಕೊಳ್ಳುವುದೇ ಕೆಲಸ.
ಹೆಬ್ಬೆರಳಷ್ಟು ಸಾಧನವೊಂದನ್ನು
ಸ್ಟೇರಿಂಗಿನ ಅಡಿ ಸಿಕ್ಕಿಸಿ, ಫೋನು ಹಿಡಿದು ಕೂತೆ.
ತೊಂಬತ್ತಾರು ಸೆಲ್ಲು, ತೊಂಬತ್ತಾರು ಹಸಿರು ಕಡ್ಡಿ,
ಬೇಲಿಗೂಟದ ಹಾಗೆ ಸಾಲಾಗಿ ನಿಂತವು.
ನಲವತ್ತೊಂದನೆಯದು ಮಾತ್ರ ಕೂದಲೆಳೆಯಷ್ಟು ಗಿಡ್ಡ.
ಅಳೆದೆ. ಮತ್ತೆ ಅಳೆದೆ.
ಇಂಥ ಕೂಸುಗಳನ್ನು ಎತ್ತಿಕೊಂಡಿದ್ದೇನೆ,
ತೂಕ ತುಸು ಕಮ್ಮಿ, ಎದೆಬಡಿತ ಸರಿ;
ಬರೆದಿಡಬೇಕು, ಹೆದರಬಾರದು.

ಬ್ಯಾಟರಿಯ ಆರೋಗ್ಯ ನೂರಕ್ಕೆ ಎಪ್ಪತ್ತೇಳು.
ಆತುರದ ಚಾರ್ಜು ಇನ್ನೂರ ಹತ್ತು ಸಲ,
ಮನೆಯ ಗೋಡೆಯಿಂದ ಎರಡು ಸಾವಿರದ ಚಿಲ್ಲರೆ.
ನಿಧಾನವಾಗಿ ಉಂಡ ದೇಹ.
ಮಂಡಿಯೂರಿ ಅಡಿ ನೋಡಿದೆ: ಕಡಲಿನ ಉಪ್ಪು
ಬೋಲ್ಟುಗಳ ಸುತ್ತ ಕಂದು ಹೂ ಅರಳಿಸಿತ್ತು.
ಮುಂದಿನ ಎಡಗಡೆ ಟೈರು ಒಳಮೈ ಸವೆದಿತ್ತು.
ಹಿಂದಿನ ಸೀಟಿನ ತುಂಬ ನಾಯಿಕೂದಲು.
"ನಾಯಿ ಇದೆಯಾ?"
"ಇತ್ತು."
ಅದಕ್ಕೆ ಮಾತ್ರ ಬೆಲೆ ಇಳಿಸು ಅನ್ನಲಿಲ್ಲ.

ಆಮೇಲೆ ಕಿಲ್‌ಮಾಗ್.
ಜುಲೈ ತಿಂಗಳು, ಮೂರು ಡಿಗ್ರಿ.
ವೈಟಾಟಿ ದಾಟಿದ ಮೇಲೆ ರಸ್ತೆ ಎದ್ದು ನಿಲ್ಲುತ್ತದೆ.
ಹೀಟರು, ದೀಪ, ವೈಪರು, ಸೀಟಿನ ಬಿಸಿ,
ನೆಂಟರು ಬಂದ ಮನೆಯಂತೆ ಎಲ್ಲವನ್ನೂ ಹಾಕಿದೆ.
ನೂರ ಹದಿನೆಂಟು ಕಿಲೋಮೀಟರು ಎನ್ನುತ್ತಿದ್ದ ಮೀಟರು
ತೊಂಬತ್ತು ಎಂದಿತು, ಎಪ್ಪತ್ತೊಂದು ಎಂದಿತು,
ನೆತ್ತಿ ಮುಟ್ಟುವಾಗ ಐವತ್ತೆಂಟು,
ಸಂತೆ ಮುಗಿಯುವ ಹೊತ್ತಿನ ಸೊಪ್ಪಿನ ಬೆಲೆಯ ಹಾಗೆ.
"ಅದರ ಮಾತು ಕಟ್ಟಿಕೊಳ್ಳಬೇಡ," ಅಂದೆ ನೀನು,
ಬಾಗಿಲ ಹಿಡಿ ಬಿಗಿಯಾಗಿ ಹಿಡಿದುಕೊಂಡು.

ಆಚೆ ಇಳಿಜಾರು. ಕಾಲು ತೆಗೆದೆ.
ಕಳೆದದ್ದು ಮರಳತೊಡಗಿತು:
ಅರವತ್ತು, ಅರವತ್ತೆಂಟು, ಎಪ್ಪತ್ತಾರು.
ಎಲ್ಲ ಅಲ್ಲ.
ಬೆರಳಲ್ಲಿ ಕೂಡಿಸಿದೆ: ಡನೀಡನ್ ಆಸ್ಪತ್ರೆಗೆ ನಲವತ್ತೆರಡು,
ವಾಪಸು ನಲವತ್ತೆರಡು,
ನಡುವೆ ಯಾರದಾದರೂ ನೀರೊಡೆದರೆ ಎಂದು ಇನ್ನೊಂದು ಹದಿನೈದು.
ಕಷ್ಟ.
ಆದರೆ ಆಸ್ಪತ್ರೆಯ ಹಿಂದೆ ಒಂದು ಪ್ಲಗ್ಗಿದೆ.
ಅದು ಖಾಲಿ ಇದ್ದರೆ, ಸಾಕು.

ಎಂಟು ಸಾವಿರದ ಎಂಟುನೂರು, ಎಂದೆ.
ನೀನು ಕಡಲನ್ನು ನೋಡುತ್ತಾ ಒಂಬತ್ತು ಅಂದೆ.
ಟೈರು ನೆನಪಿಸಿದೆ.
ಎಂಟು ಸಾವಿರದ ಎಂಟುನೂರಕ್ಕೇ ಕೈ ಕುಲುಕಿದೆವು;
ನಿನ್ನ ಕೈ ಕಾರಿಗಿಂತ ತಣ್ಣಗಿತ್ತು.

ವಾರ್ಡಿನಲ್ಲಿ ಮಿಚಿಯೊಗೆ ಆ ದನಿ ಕೇಳಿಸಿದೆ,
ಫೋನಿನಲ್ಲಿ ಹಿಡಿದು ತಂದಿದ್ದೆ.
ಅವಳು ನಕ್ಕಳು: "ಕಾರ್ಡು ಹಾಕಿಲ್ಲ ಅಂತಿದ್ದಾಳೆ,
ಸುಂಕದ ಗೇಟಿನ ಕಾರ್ಡು."
ಯಾವ ಗೇಟು?
ಈ ದಕ್ಷಿಣ ದ್ವೀಪದ ಉದ್ದಕ್ಕೂ
ಒಂದು ಸುಂಕದ ಕಟ್ಟೆಯೂ ಇಲ್ಲ, ಟ್ರೆವರ್.

ರಾತ್ರಿ ಎರಡೂವರೆಗೆ ಕರೆ ಬರುತ್ತದೆ.
ಗುಂಡಿ ಒತ್ತುತ್ತೇನೆ. ಅವಳು ಕಾರ್ಡು ಕೇಳುತ್ತಾಳೆ.
ಆಯ್ತಮ್ಮ, ಎನ್ನುತ್ತೇನೆ,
ಹೀಟರು ಆರಿಸಿ, ಉಣ್ಣೆ ಟೋಪಿ ಕಿವಿಗೆಳೆದುಕೊಂಡು
ಏರು ಹತ್ತಿಸುತ್ತೇನೆ.